ಬೆರಳಿಗೆ ಸಿಕ್ಕ ಶಾಸನ



ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಸೇರಿದ ಒಂದು ಶಾಸನದಿಂದ ಮಾತು ಶುರುಮಾಡುತ್ತೇನೆ. ಕಾಲ 1162. ಕಲಚುರಿ ಬಿಜ್ಜಳ ಆಳುತ್ತಿದ್ದ ದಿನಗಳು. ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ 102ನೆಯ ಶಾಸನವಾಗಿ ಅದು ಸಿಗುತ್ತದೆ. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ಅದು ಒಂದೊಂದಾಗಿ ಹೇಳುತ್ತದೆ. ಅಲ್ಲಿ ವೇದಗಳ ಪಾಠವಿತ್ತು, ವ್ಯಾಕರಣವಿತ್ತು, ದರ್ಶನಗಳ ವ್ಯಾಖ್ಯಾನವಿತ್ತು. ಇಷ್ಟನ್ನು ನಮ್ಮ ಪಠ್ಯಪುಸ್ತಕಗಳೂ ಹೇಳುತ್ತವೆ. ಅಲ್ಲಿಂದ ಮುಂದಕ್ಕೆ ಶಾಸನ ಊಟದ ಸಾಲಿಗೆ ಬರುತ್ತದೆ. ದಿಕ್ಕಿಲ್ಲದವರಿಗೆ, ಕಾಲಿಲ್ಲದವರಿಗೆ, ಕಣ್ಣಿಲ್ಲದವರಿಗೆ, ಕಿವಿ ಕೇಳದವರಿಗೆ, ಅವರ ಜೊತೆಗೇ ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ ಅಲ್ಲಿ ಅನ್ನ ಸಿಗುತ್ತಿತ್ತು. ಗತಿಯಿಲ್ಲದ ರೋಗಿಗಳಿಗೆ ಮದ್ದೂ ಸಿಗುತ್ತಿತ್ತು.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು. ಈ ಶಾಸನವನ್ನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಆ ಮಠದ ಕಾಳಾಮುಖ ಶೈವರ ಬಗ್ಗೆ ಹೇಳಿದೆ, ಮಠದ ವಿದ್ಯಾವ್ಯವಸ್ಥೆಯ ಬಗ್ಗೆ ಹೇಳಿದೆ, ಊಟದ ಸಾಲನ್ನು ‘ದಾನಧರ್ಮ’ ಎಂಬ ಒಂದು ಪದದಲ್ಲಿ ಮುಗಿಸಿ ಮುಂದೆ ಹೋದೆ. ನಿವೃತ್ತನಾದ ಮೇಲೆ, ಹುಟ್ಟಿನಿಂದ ಕಣ್ಣು ಕಾಣದ ಒಬ್ಬ ಯುವಕ ನನ್ನನ್ನು ಕೇಳಿದ: “ಸಾರ್, ಆ ಕಲ್ಲಿನಲ್ಲಿ ನಮ್ಮವರ ವಿಷಯ ಇದೆ ಅಂತೀರಲ್ಲ, ಅದನ್ನ ನಾವು ಯಾರಾದರೂ ಓದಿದ್ದೀವಾ?”

ಅವನು ಕೇಳಿದ್ದು ಸಾಮಾನ್ಯ ಪ್ರಶ್ನೆ. ಎಂಟು ನೂರು ವರ್ಷ ಮೀರಿ ನಿಂತ ಆ ಪಟ್ಟಿಯನ್ನು ಕಣ್ಣಿರುವವರು ಓದಿದ್ದೇವೆ, ಅಚ್ಚು ಹಾಕಿದ್ದೇವೆ, ಅನುವಾದಿಸಿದ್ದೇವೆ. ಪಟ್ಟಿಯಲ್ಲಿರುವವರ ಕೈಗೆ ಅದನ್ನು ಕೊಟ್ಟಿಲ್ಲ. ಈ ಹೊತ್ತಿನ ನನ್ನ ಉಪನ್ಯಾಸವೆಲ್ಲ ಆ ಪ್ರಶ್ನೆಯ ಬೆನ್ನು ಹತ್ತಿ ಹೋದ ಕಥೆ.

ಸ್ಥಳೀಯ ದಾಖಲೆ ಎಂದರೆ ನನ್ನ ಮನಸ್ಸಿನಲ್ಲಿರುವುದು ವಿಧಾನಸೌಧದ ರಾಜ್ಯ ಪತ್ರಾಗಾರವಲ್ಲ. ಅದು ದೊಡ್ಡದು, ಅದಕ್ಕೆ ಅದರದೇ ದಾರಿಗಳಿವೆ. ನಾನು ಹೇಳುವುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಬಟ್ಟೆ ಸುತ್ತಿ ಇಟ್ಟ ರುಮಾಲುಗಳ ಬಗ್ಗೆ, ಮಠದ ಪೆಟ್ಟಿಗೆಯಲ್ಲಿರುವ ಕಡತಗಳ ಬಗ್ಗೆ, ಹಳೆಯ ಮನೆಗಳ ಅಟ್ಟದಲ್ಲಿರುವ ಓಲೆಗರಿಯ ಕಟ್ಟುಗಳ ಬಗ್ಗೆ, ಗದ್ದೆಯ ಬದುವಿನಲ್ಲಿ ಅರ್ಧ ಹೂತುಕೊಂಡ ವೀರಗಲ್ಲಿನ ಬಗ್ಗೆ, ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕದ ಬಗ್ಗೆ. ಒಂದು ಊರು ತನ್ನನ್ನು ತಾನು ಬರೆದಿಟ್ಟುಕೊಂಡದ್ದು ಇವುಗಳಲ್ಲೇ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿ ಅಂಗವಿಕಲರಿದ್ದರು. ಅವರಲ್ಲಿ ಎಷ್ಟು ಮಂದಿ ತಮ್ಮ ಊರಿನ ಒಂದು ಹಳೆಯ ಕಾಗದವನ್ನಾದರೂ ಕೈಯಲ್ಲಿ ಹಿಡಿದಿರಬಹುದು? ಪಿಂಚಣಿ ಅರ್ಜಿಗೆ ಪಹಣಿ ಬೇಕಾದಾಗ ಹಿಡಿದಿರುತ್ತಾರೆ. ಅದನ್ನೂ ಇನ್ನೊಬ್ಬರು ಓದಿ ಹೇಳಿರುತ್ತಾರೆ.

ಆ ಯುವಕನ ಪ್ರಶ್ನೆಯಿಂದ ನಾವು ಕೆಲವರು ಸೇರಿ ಒಂದು ಕಲಾ ಶಿಬಿರ ಮಾಡಿದೆವು. ಒಬ್ಬ ಚಿತ್ರಕಲಾ ಮೇಷ್ಟರು, ಶಾಸನದ ಪಡಿಯಚ್ಚು ತೆಗೆಯುವುದನ್ನು ಬಲ್ಲ ನಾನು, ಸಂಜ್ಞಾಭಾಷೆ ಬಲ್ಲ ಒಬ್ಬ ಹೆಣ್ಣುಮಗಳು. ಬಂದವರು 14 ಮಂದಿ. ಕಣ್ಣು ಕಾಣದವರು, ಮಂದವಾಗಿ ಕಾಣುವವರು, ಕಿವುಡರು, ಗಾಲಿಕುರ್ಚಿಯಲ್ಲಿ ಬಂದ ಒಬ್ಬರು, ಬುದ್ಧಿಯ ಬೆಳವಣಿಗೆ ನಿಧಾನವಾದ ಇಬ್ಬರು, ಅವರ ತಾಯಂದಿರು.

ಮೊದಲನೆಯ ಭಾನುವಾರ ನಾವು ತಪ್ಪು ಮಾಡಿದೆವು. ಬಣ್ಣದ ಕಾಗದ, ಗೋಂದು, ಕತ್ತರಿ, ಮಣಿ ಎಲ್ಲ ತಂದು ಹರಡಿದೆವು. ಊರಿನ ಇತಿಹಾಸವನ್ನು ಕಥೆಯಾಗಿ ಹೇಳಿ, ಅದರ ಮೇಲೆ ಏನಾದರೂ ಮಾಡಿ ಎಂದೆವು. ಎಲ್ಲರೂ ಮಾಡಿದರು. ಕೋಟೆ ಅಂಟಿಸಿದರು, ಕುದುರೆ ಅಂಟಿಸಿದರು. ಊಟದ ಹೊತ್ತಿಗೆ ಗಾಲಿಕುರ್ಚಿಯಲ್ಲಿದ್ದ ಹಿರಿಯರು, ಅರ್ಜಿ ಬರೆದುಕೊಡುವ ಕಸುಬಿನಲ್ಲಿ ಬಹಳ ವರ್ಷ ಇದ್ದವರು, ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: “ಮೇಷ್ಟ್ರೇ, ದಾಖಲೆ ಅಂತ ಹೇಳಿ ಕರೆದಿರಿ. ದಾಖಲೆ ಎಲ್ಲಿ?”

ಅವರು ಹೇಳಿದ್ದು ಸರಿಯಾಗಿತ್ತು. ಅಂಗವಿಕಲರಿಗಾಗಿ ನಡೆಯುವ ಬಹಳಷ್ಟು ಕಲಾ ಶಿಬಿರಗಳಲ್ಲಿ ಈ ಕೊರತೆ ಇದೆ ಎಂದು ಆಮೇಲೆ ನನಗೆ ತಿಳಿಯಿತು. ಕೈಗೆ ಕೆಲಸ ಕೊಟ್ಟು ಸಂತೋಷಪಡಿಸಿ ಕಳಿಸುವುದು, ಫೋಟೊ ತೆಗೆಸಿಕೊಳ್ಳುವುದು. ಸಂತೋಷ ಬೇಡ ಎನ್ನುವುದಿಲ್ಲ. ಆದರೆ ದಾಖಲೆಯನ್ನು ಬದಿಗಿಟ್ಟು ದಾಖಲೆಯ ಹೆಸರಿನಲ್ಲಿ ಬಣ್ಣದ ಕಾಗದ ಕೊಟ್ಟರೆ, ಮಠದ ಬಾಗಿಲು ಹಾಕಿ ಅಂಗಳದಲ್ಲಿ ಪನಿವಾರ ಹಂಚಿದ ಹಾಗಾಗುತ್ತದೆ. ಮುಂದಿನ ಭಾನುವಾರದಿಂದ ನಾವು ಕ್ರಮ ಬದಲಿಸಿದೆವು: ಪ್ರತಿ ದಿನ ಒಂದು ನಿಜವಾದ ದಾಖಲೆ, ಮತ್ತು ಆ ದಾಖಲೆಯನ್ನು ಹಿಂದಿನವರು ಹೇಗೆ ಮಾಡಿದರೋ ಹಾಗೆಯೇ ನಾವೂ ಮಾಡಿ ನೋಡುವುದು.

ಕರ್ನಾಟಕದಲ್ಲಿ ಇದು ಸಾಧ್ಯವಾಗುವುದಕ್ಕೆ ಒಂದು ಕಾರಣವಿದೆ. ನಮ್ಮ ಹಳೆಯ ದಾಖಲೆಗಳೆಲ್ಲ ಕೈಕಸುಬಿನಿಂದ ಹುಟ್ಟಿದವು, ಮುಟ್ಟಿದರೆ ಕೈಗೆ ಏನನ್ನಾದರೂ ಹೇಳುವಂಥವು. ಕಲ್ಲನ್ನು ಉಳಿಯಿಂದ ಕೊರೆದರು. ಓಲೆಯನ್ನು ಕಂಠವೆಂಬ ಮೊನೆಯ ಕಡ್ಡಿಯಿಂದ ಗೀರಿ ಆಮೇಲೆ ಮಸಿ ತುಂಬಿದರು. ಕಡತದ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದರು. ಅಚ್ಚಿನ ಪುಸ್ತಕ ಬಂದ ಮೇಲೆ ಅಕ್ಷರ ನುಣುಪಾಯಿತು, ಬೆರಳಿಗೆ ಏನೂ ಉಳಿಯಲಿಲ್ಲ.

ಪಡಿಯಚ್ಚಿನ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಲ್ಲನ್ನು ನೀರು ಹಾಕಿ ಬ್ರಷ್ಷಿನಿಂದ ತೊಳೆದು ಪಾಚಿ, ಮಣ್ಣು ತೆಗೆಯುತ್ತೇವೆ. ಒದ್ದೆ ಮಾಡಿದ ತೆಳು ಕಾಗದವನ್ನು ಕಲ್ಲಿನ ಮೇಲೆ ಗಾಳಿ ಗುಳ್ಳೆ ಉಳಿಯದಂತೆ ಹರಡುತ್ತೇವೆ. ಒತ್ತಾದ ಕೂದಲಿನ ಬ್ರಷ್ಷಿನಿಂದ ಒಂದೇ ಸಮನೆ ಕುಟ್ಟುತ್ತಾ ಹೋದರೆ ಕಾಗದ ಅಕ್ಷರದ ಗುಳಿಗಳೊಳಕ್ಕೆ ಇಳಿಯುತ್ತದೆ. ಕಾಗದ ಅರೆ ಒಣಗಿದಾಗ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಮೇಲೆ ಮೆಲ್ಲಗೆ ತಟ್ಟುತ್ತೇವೆ. ಉಬ್ಬಿದ ಭಾಗ ಕಪ್ಪಾಗುತ್ತದೆ, ಒಳಕ್ಕಿಳಿದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ನೂರಾರು ಪಡಿಯಚ್ಚು ತೆಗೆದ ನನಗೆ ಮಸಿ ಹಚ್ಚಿದ ಮೇಲಷ್ಟೇ ಅದು ದಾಖಲೆ. ಮಸಿ ಹಚ್ಚುವ ಮುಂಚಿನ ಕಾಗದವನ್ನು ನಾನು ಎಂದೂ ದಾಖಲೆಯೆಂದು ನೋಡಿರಲಿಲ್ಲ.

ಆ ಯುವಕ ಅದನ್ನೇ ಹಿಡಿದುಕೊಂಡ. “ಸಾರ್, ಮಸಿ ಹಚ್ಚಬೇಡಿ, ಹೀಗೇ ಒಣಗಲಿ” ಎಂದ. ಒಣಗಿದ ಕಾಗದವನ್ನು ಬಿಡಿಸಿ ಹಿಂದುಮುಂದಾಗಿ ತಿರುಗಿಸಿದ. ಕಲ್ಲಿಗೆ ಅಂಟಿದ್ದ ಬದಿಯಲ್ಲಿ ಅಕ್ಷರಗಳು ಉಬ್ಬಿ ಎದ್ದಿದ್ದವು. ಅವನ ಬೆರಳು ಅವುಗಳ ಮೇಲೆ ನಿಂತು ನಿಂತು ಹೋಯಿತು. ಒಂದೇ ತೊಡಕೆಂದರೆ ಆ ಬದಿಯಲ್ಲಿ ಎಲ್ಲವೂ ಕನ್ನಡಿಯೊಳಗಿನಂತೆ ತಿರುಗುಮುರುಗು. ಅದಕ್ಕೂ ದಾರಿ ಸಿಕ್ಕಿತು. ಕಾಗದದ ಮೇಲೆ ಕಾಗದ ಕೂರಿಸಿ ದಪ್ಪ ಅಚ್ಚು ಮಾಡಿದೆವು. ಒಣಗಿದ ಆ ಅಚ್ಚಿನ ಹೊರಮುಖಕ್ಕೆ, ಗುಳಿ ಬಿದ್ದ ಬದಿಗೆ, ಹದವಾದ ಜೇಡಿಮಣ್ಣನ್ನು ಒತ್ತಿದೆವು. ಬಂದದ್ದೂ ತಿರುಗಿದ ಅಕ್ಷರವೇ. ಆಮೇಲೆ ಉಬ್ಬು ಬದಿಗೆ ಮಣ್ಣನ್ನು ಒತ್ತಿದೆವು. ಆಗ ಕಲ್ಲಿನ ಹಾಗೆಯೇ ನೆಟ್ಟಗಿನ ಅಕ್ಷರ ಗುಳಿಯಾಗಿ ಮೂಡಿತು. ಬೆಂದ ಮಣ್ಣಿನ ಆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎಷ್ಟು ಹೊತ್ತಾದರೂ ಓದಬಹುದು. ಬಿಸಿಲಿನಲ್ಲಿ ಕಲ್ಲಿನ ಮುಂದೆ ಮಂಡಿಯೂರಬೇಕಿಲ್ಲ.

‘ಓದಬಹುದು’ ಎಂದೆ. ಇಲ್ಲಿ ನಿಲ್ಲಬೇಕು. ಹುಟ್ಟಿನಿಂದ ಕಣ್ಣು ಕಾಣದವರು ಕಲಿಯುವುದು ಬ್ರೈಲ್ ಲಿಪಿಯನ್ನು. ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಪದ್ಧತಿಯಾಗಿ 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ಆರು ಚುಕ್ಕಿಗಳೊಳಗೆ ಕನ್ನಡದ ಎಲ್ಲ ಧ್ವನಿಗಳೂ ಬರುತ್ತವೆ. ಆದರೆ ಕನ್ನಡ ಅಕ್ಷರದ ಆಕಾರ ಅದರಲ್ಲಿಲ್ಲ. ಎಂ.ಎ. ಮುಗಿಸಿದ ಅಂಧ ಪದವೀಧರನಿಗೂ ‘ಕ’ ನೋಡಲು ಹೇಗಿದೆ ಎಂಬುದು ಗೊತ್ತಿರಬೇಕೆಂದಿಲ್ಲ. ಹಾಗಾಗಿ ಕಲ್ಲನ್ನು ಮುಟ್ಟಿಸಿದರೆ ಓದಿಸಿದಂತೆ ಎಂದು ನಂಬಿದರೆ ನಾವೇ ನಮ್ಮನ್ನು ಮೋಸಮಾಡಿಕೊಂಡಂತೆ. ಅವನಿಗೆ ಅದು ಬರೀ ಗುಳಿ, ಬಳ್ಳಿ, ಸುರುಳಿ.

ಇಲ್ಲಿಯೇ ಕಲೆ ಬೇಕಾದದ್ದು. ಚಿತ್ರಕಲಾ ಮೇಷ್ಟರು ಮಣ್ಣಿನ ಎಳೆಗಳನ್ನು ಹೊಸೆದು ಇಂದಿನ ಕನ್ನಡದ ಅಕ್ಷರಗಳನ್ನು ಮಾಡಿಸಿದರು, ಪಕ್ಕದಲ್ಲಿ 12ನೆಯ ಶತಮಾನದ ಅದೇ ಅಕ್ಷರ, ಅದರ ಪಕ್ಕದಲ್ಲಿ ಬ್ರೈಲ್ ಚುಕ್ಕಿ. ತಾವೇ ಮಾಡಿದ ಅಕ್ಷರ ಕೈಯಲ್ಲಿ ಉಳಿಯುತ್ತದೆ. ಎರಡನೆಯ ದಿನ ಆ ಯುವಕ ‘ಮಠ’ ಎಂಬ ಪದವನ್ನು ಹಲಗೆಯ ಮೇಲೆ ಹುಡುಕಿ ತೆಗೆದ. ಒತ್ತಕ್ಷರ ಸಿಕ್ಕಾಗ ಬಹಳ ಹೊತ್ತು ಅಲ್ಲೇ ನಿಂತು, “ಬ್ರೈಲ್‌ನಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ ಸಾರ್, ಇಲ್ಲಿ ಒಬ್ಬರ ಕಾಲ ಕೆಳಗೆ ಇನ್ನೊಬ್ಬರು ಇದ್ದಾರೆ” ಎಂದ. ಕನ್ನಡ ಲಿಪಿಯ ಬಗ್ಗೆ ನಾನು ಕೇಳಿದ ಒಳ್ಳೆಯ ಮಾತುಗಳಲ್ಲಿ ಇದೊಂದು. ಕಣ್ಣಿಗೆ ಅಭ್ಯಾಸವಾಗಿ ನಮಗೆ ಕಾಣದೆ ಹೋದ ಸಂಗತಿಯನ್ನು ಅವನ ಬೆರಳು ಹೊಸದಾಗಿ ಕಂಡಿತ್ತು.

ಅಂದು ಸಂಜೆ ಬಳ್ಳಿಗಾವಿ ಶಾಸನದ ಊಟದ ಸಾಲಿನ ಭಾಗ ಅವನ ಕೈಗೆ ಸಿಕ್ಕಿತು. ನಾನು ಪದ ಬಿಡಿಸಿ ಹೇಳುತ್ತಾ ಹೋದೆ, ಅವನು ಬೆರಳಿನಿಂದ ಹಿಂಬಾಲಿಸಿದ. ‘ಅಂಧ’ ಎಂಬ ಪದದ ಮೇಲೆ ಅವನ ಬೆರಳು ಬಂದು ನಿಂತಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅವನು ಆ ಎರಡಕ್ಷರವನ್ನು ಮೂರು ಸಲ ಸವರಿದ. “ಗಾಯಕರೂ ಇದೇ ಸಾಲಿನಲ್ಲಾ?” ಎಂದು ಕೇಳಿದ. ಹೌದು ಎಂದೆ. “ಹಾಗಾದರೆ ಊಟ ಆದ ಮೇಲೆ ಹಾಡೂ ಇತ್ತು” ಎಂದ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳನ್ನೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳನ್ನೂ ನೆನೆಯದೆ ನಾನು ಈ ಮಾತು ಕೇಳಲಾರೆ. ಇಬ್ಬರೂ ಅಂಧರು; ಅನ್ನ, ವಸತಿ, ಸಂಗೀತ ಮೂರನ್ನೂ ಒಂದೇ ಮಾಡಿನ ಕೆಳಗೆ ಕೊಟ್ಟವರು. ಕೋಡಿಯ ಮಠದ ಸಾಲಿಗೂ ಪುಣ್ಯಾಶ್ರಮದ ಪಂಕ್ತಿಗೂ ನೇರ ಸಂಬಂಧವಿದೆ ಎಂದು ಇತಿಹಾಸದ ಮೇಷ್ಟರಾಗಿ ನಾನು ಹೇಳಲಾರೆ. ಆದರೆ ಈ ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕೆಂಬ ಬುದ್ಧಿ ನನಗೆ ಬಂದದ್ದು ಒಬ್ಬ ಅಂಧನ ಪಕ್ಕದಲ್ಲಿ ಕುಳಿತು ಓದಿದಾಗ.

ವೀರಗಲ್ಲಿನ ದಿನ ಬೇರೆ ಥರ. ವೀರಗಲ್ಲು ಅಂಧರಿಗೆ ಹೇಳಿ ಮಾಡಿಸಿದ ಹಾಗಿದೆ, ಏಕೆಂದರೆ ಅದರ ಚಿತ್ರಗಳು ಉಬ್ಬಿವೆ, ಕಥೆಗೆ ಒಂದು ಕ್ರಮವಿದೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೊಯ್ಯುವುದು, ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಕುಳಿತಿರುವುದು. ಪುಸ್ತಕ ಓದಿ ರೂಢಿಯಾದವರು ಮೇಲಿನಿಂದ ಶುರುಮಾಡಿ ಗೊಂದಲ ಪಡುತ್ತಾರೆ. ಕಣ್ಣು ಕಾಣದ ಹುಡುಗಿಯೊಬ್ಬಳು ನೆಲದ ಹತ್ತಿರ ಕುಳಿತದ್ದರಿಂದ ಅವಳ ಕೈಗೆ ಕೆಳಗಿನ ಪಟ್ಟಿಕೆಯೇ ಮೊದಲು ಸಿಕ್ಕಿತು. ದನಗಳ ಬೆನ್ನು, ಅವುಗಳ ಹಿಂದೆ ಬಿಲ್ಲು ಹಿಡಿದವನು. “ತುರು ಹೊಡೆದುಕೊಂಡು ಹೋಗ್ತಿದ್ದಾರೆ” ಎಂದು ತಾನೇ ಹೇಳಿದಳು. ಕೈ ಏರಿದ ಹಾಗೆ ಕಥೆಯೂ ಏರಿತು.

ಅದೇ ಕಲ್ಲಿನ ನಡುವಿನ ಪಟ್ಟಿಕೆಯನ್ನು ಕಿವುಡ ಹುಡುಗಿಯೊಬ್ಬಳು ಬೇರೆ ರೀತಿ ಓದಿದಳು. ಕಿವುಡರ ವಿಷಯದಲ್ಲಿ ನಮಗೊಂದು ತಪ್ಪು ತಿಳಿವಳಿಕೆ ಇದೆ: ಕಣ್ಣಿದೆಯಲ್ಲ, ಬರೆದದ್ದನ್ನು ಓದಿಕೊಳ್ಳುತ್ತಾರೆ ಬಿಡಿ ಎಂದು. ಸಂಜ್ಞಾಭಾಷೆಯಲ್ಲಿ ಬೆಳೆದವರಿಗೆ ಬರೆದ ಕನ್ನಡ ಎರಡನೆಯ ಭಾಷೆ. ಶಾಸನದ ಹಳಗನ್ನಡವಂತೂ ಇನ್ನೂ ದೂರದ್ದು. ಅವರಿಗೆ ಹತ್ತಿರವಾದದ್ದು ಕೈಯ ಭಾಷೆ, ಮೈಯ ನಿಲುವು. ಆ ಹುಡುಗಿ ಅಪ್ಸರೆಯರ ಕೈಗಳನ್ನು ತೋರಿಸಿ, ತನ್ನ ತಮ್ಮನನ್ನು ಕಂಕುಳಿಗೆ ಕೈಕೊಟ್ಟು ಎತ್ತುವ ಅಭಿನಯ ಮಾಡಿದಳು. ಅಪ್ಸರೆಯರು ವೀರನನ್ನು ಎತ್ತಿದ್ದು ಮಗುವನ್ನು ಎತ್ತುವ ಹಾಗೆ ಎಂದು ಅವಳ ಮಾತು. ನಾನು ಪುಸ್ತಕ ಹಿಡಿದು ‘ದೇವಲೋಕಕ್ಕೆ ಒಯ್ಯುವ ದೃಶ್ಯ’ ಎಂದು ವಿವರಿಸುತ್ತಿದ್ದೆ. ಆ ಪಟ್ಟಿಕೆಯಲ್ಲಿ ಇಷ್ಟು ಅಕ್ಕರೆ ಇದೆಯೆಂದು ನನಗೆ ಹೊಳೆದಿರಲಿಲ್ಲ. ಆಮೇಲೆ ಶಿಬಿರದ ಕಿವುಡ ಮಕ್ಕಳು ನಾಲ್ಕು ಮಂದಿ ಸೇರಿ ಮೂರೂ ಪಟ್ಟಿಕೆಗಳನ್ನು ಸಂಜ್ಞಾಭಾಷೆಯಲ್ಲಿ ಆಡಿ ತೋರಿಸಿದರು. ಶಾಸನದಲ್ಲಿದ್ದ ಊರಿನ ಹೆಸರಿಗೆ ಸಂಜ್ಞೆ ಇರಲಿಲ್ಲ. ಅವರೇ ಒಂದನ್ನು ಕಟ್ಟಿದರು, ಕೆರೆಯ ಏರಿಯ ಆಕಾರದಲ್ಲಿ.

ಕಡತ ಮಾಡಿದ ದಿನವನ್ನು ನೆನೆದರೆ ನನಗೆ ಈಗಲೂ ಹುಣಿಸೆಬೀಜ ಬೇಯುವ ವಾಸನೆ ಬರುತ್ತದೆ. ನೆನೆಸಿದ ಬೀಜದ ಸಿಪ್ಪೆ ತೆಗೆದು ರುಬ್ಬಿ, ಕುದಿಸಿ ಅಂಟು ಮಾಡಿ, ಇದ್ದಿಲ ಪುಡಿ ಕಲಸಿ, ಹತ್ತಿ ಬಟ್ಟೆಯ ಎರಡೂ ಬದಿಗೆ ಬಳಿಯಬೇಕು. ಕೈಯೆಲ್ಲ ಕಪ್ಪು. ಬುದ್ಧಿಯ ಬೆಳವಣಿಗೆ ನಿಧಾನವಾದ ಇಬ್ಬರಲ್ಲಿ ಒಬ್ಬ ಹುಡುಗ ಹಿಂದಿನ ದಿನಗಳಲ್ಲಿ ಮೂಲೆ ಬಿಟ್ಟು ಬಂದಿರಲಿಲ್ಲ. ಅಂದು ಬಟ್ಟೆ ಬಳಿಯುವ ಕೆಲಸವನ್ನು ಅವನೇ ಹಿಡಿದ, ಮಧ್ಯಾಹ್ನದವರೆಗೂ ಬಿಡಲಿಲ್ಲ. ಒಂದೇ ಸಮ ಬಳಿಯುವುದರಲ್ಲಿ ಅವನಿಗಿಂತ ಚೆನ್ನಾಗಿ ನಮ್ಮಲ್ಲಿ ಯಾರಿಗೂ ಬರಲಿಲ್ಲ. “ಮನೇಲಿ ನಾನು ಒಲೆ ಹತ್ರ ಬಿಟ್ಟೇ ಇಲ್ಲ ಇವನನ್ನ” ಎಂದರು ಅವನ ತಾಯಿ. ಒಣಗಿದ ಬಟ್ಟೆಯನ್ನು ಮಡಚಿ ಬಳಪ ಕೊಟ್ಟಾಗ ಅವನು ಗೆರೆಗಳನ್ನು ಎಳೆದ, ಅಕ್ಷರ ಬರೆಯಲಿಲ್ಲ. ಗೆರೆಯ ಪಕ್ಕ ಗೆರೆ, ಒಂದು ಮಡಿಕೆಯಿಂದ ಇನ್ನೊಂದಕ್ಕೆ. ಶಾನುಭೋಗರ ಲೆಕ್ಕದ ಸಾಲುಗಳೂ ದೂರದಿಂದ ಹೀಗೇ ಕಾಣುತ್ತವೆ.

ಅದೇ ದಿನ ತಿಳಿದ ಇನ್ನೊಂದು ಸಂಗತಿ. ಮಂದದೃಷ್ಟಿಯವರಿಗೆ ಬಿಳಿಯ ಮೇಲಿನ ಕಪ್ಪಿಗಿಂತ ಕಪ್ಪಿನ ಮೇಲಿನ ಬಿಳುಪು ಎಷ್ಟೋ ಸಲ ಸುಲಭ, ಕಣ್ಣು ಕುಕ್ಕುವುದಿಲ್ಲ. ಫೋನು, ಕಂಪ್ಯೂಟರುಗಳಲ್ಲಿ ಹಲವರು ಪರದೆಯನ್ನು ಕಪ್ಪು ಮಾಡಿಕೊಂಡು ಓದುವುದು ಅದಕ್ಕೇ. ನಮ್ಮ ಕಡತ ಕಪ್ಪಿನ ಮೇಲೆ ಬಿಳುಪು. ಪಡಿಯಚ್ಚೂ ಅಷ್ಟೇ. ಮಂದದೃಷ್ಟಿಯ ಒಬ್ಬ ಶಿಕ್ಷಕಿ ತಾವೇ ಬರೆದ ಕಡತದ ಹಾಳೆಯನ್ನು ಮುಖದ ಹತ್ತಿರ ತಂದು, ಭೂತಗನ್ನಡಿ ಇಲ್ಲದೆ ಓದಿದರು. 1916ರಲ್ಲಿ ಪುರಾತತ್ತ್ವಜ್ಞ ಆರ್. ನರಸಿಂಹಾಚಾರ್ ಅವರು ಶೃಂಗೇರಿ ಮಠದಲ್ಲಿ ಟಿಪ್ಪುವಿನ ಕನ್ನಡ ಪತ್ರಗಳನ್ನು ಕಂಡುಹಿಡಿದ ಕಥೆಯನ್ನು ಆ ಶಿಕ್ಷಕಿ ಮಕ್ಕಳಿಗೆ ಹೇಳುತ್ತಿದ್ದರಂತೆ. ಮಠಗಳ ದಫ್ತರದಲ್ಲಿ ಕಡತವೆಂಬುದು ಹೀಗಿರುತ್ತದೆ ಎಂದು ಕೈಯಾರೆ ತಿಳಿದದ್ದು ಅಂದೇ.

ಓಲೆಗರಿಯ ವಿಷಯದಲ್ಲಿ ಮಾತ್ರ ನಾನು ಬಿಗಿ. ಗರಿ ಹಳೆಯದಾದಂತೆ ಸುಲಭವಾಗಿ ಮುರಿಯುತ್ತದೆ. ಮೂಲ ಗರಿಯನ್ನು ಹದಿನಾಲ್ಕು ಕೈಗಳಿಗೆ ಕೊಡಲಾಗದು. ನಿಂಬೆಹುಲ್ಲಿನ ಎಣ್ಣೆ ಸವರಿದ ಒಂದು ಕಟ್ಟನ್ನು ಮೂಸಲು ಕೊಟ್ಟೆವು, ಹಲಗೆಗಳನ್ನು ಬಿಚ್ಚುವ ಸದ್ದು ಕೇಳಿಸಿದೆವು, ಬರೆಯುವುದಕ್ಕೆ ಹೊಸ ಗರಿ ಕೊಟ್ಟೆವು. ಕಲ್ಲಿನ ವಿಷಯ ಬೇರೆ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ತ್ವ ಇಲಾಖೆಯ ಅನುಮತಿ ಬೇಕು, ಬಳಪದ ಕಲ್ಲು ಮೆದು ಎಂಬುದೂ ನಿಜ. ಆದರೆ ಹೊಲದಲ್ಲಿ ಮಳೆ ಬಿಸಿಲಿಗೆ ನಿಂತ, ವರ್ಷಕ್ಕೊಮ್ಮೆ ಎಣ್ಣೆ ಕುಂಕುಮ ಮೆತ್ತಿಸಿಕೊಳ್ಳುವ ಕಲ್ಲಿಗೆ ತೊಳೆದ ಕೈಯ ಹತ್ತು ಬೆರಳುಗಳಿಂದ ಕೇಡಾಗುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಕಲೆಗೆ ಕಣ್ಣೇ ಬೇಕು ಎನ್ನುವವರಿಗೆ ಬಿನೋದ್ ಬಿಹಾರಿ ಮುಖರ್ಜಿಯವರನ್ನು ನೆನಪಿಸುತ್ತೇನೆ. ಶಾಂತಿನಿಕೇತನದ ಈ ದೊಡ್ಡ ಚಿತ್ರಕಾರರಿಗೆ ಬಾಲ್ಯದಿಂದಲೂ ದೃಷ್ಟಿ ಮಂದ. 1950ರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಪೂರ್ತಿ ಹೋಯಿತು. ಆಮೇಲೂ ಅವರು ಕಾಗದ ಕತ್ತರಿಸಿ ಅಂಟಿಸಿದರು, ಶಿಲ್ಪ ಮಾಡಿದರು, 1972ರಲ್ಲಿ ಕಲಾಭವನದ ಗೋಡೆಯ ಮೇಲೆ ಹೆಂಚಿನ ಭಿತ್ತಿಚಿತ್ರ ರಚಿಸಿದರು. ಅವರ ಶಿಷ್ಯ ಸತ್ಯಜಿತ್ ರಾಯ್ ಅದೇ ವರ್ಷ ಅವರ ಮೇಲೆ ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರ ಮಾಡಿದರು.

ಬೇರೆಡೆ ಏನಾಗಿದೆ ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ‘ಹಿಸ್ಟರಿ ಆಫ್ ಪ್ಲೇಸ್’ ಎಂಬ ಯೋಜನೆ ಅಂಗವಿಕಲರ ಬದುಕಿಗೆ ಸಂಬಂಧಿಸಿದ ಹಳೆಯ ಕಟ್ಟಡಗಳ ದಾಖಲೆಗಳನ್ನು ಅಂಗವಿಕಲ ಯುವಜನರ ಕೈಗೇ ಕೊಟ್ಟು ಕೆಲಸ ಮಾಡಿಸಿತು. 1791ರಲ್ಲಿ ಲಿವರ್‌ಪೂಲಿನಲ್ಲಿ ತೆರೆದ ಅಂಧರ ಶಾಲೆಯೂ ಅವುಗಳಲ್ಲಿ ಒಂದು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ 2015ರಲ್ಲಿ ‘ಅನುಭವ’ ಎಂಬ, ಮುಟ್ಟಿ ನೋಡುವ ಗ್ಯಾಲರಿ ತೆರೆಯಿತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಅದರ ಉದ್ದೇಶ ಸಂರಕ್ಷಣೆ. ಆದರೆ ಅಂಥ ಸ್ಕ್ಯಾನಿನಿಂದ ಉಬ್ಬಕ್ಷರದ ಹಲಗೆಯನ್ನು ಎಷ್ಟು ಬೇಕಾದರೂ ಮುದ್ರಿಸಬಹುದು ಎಂಬುದನ್ನು ನಮ್ಮ ಅಂಧರ ಶಾಲೆಗಳು ತಿಳಿಯಬೇಕು. 1901ರಿಂದ ಅಂಧ ಮತ್ತು ಕಿವುಡ ಮಕ್ಕಳ ಶಾಲೆಯನ್ನು ಕಂಡ ಮೈಸೂರಿನಂಥ ಊರಿನಲ್ಲಿ ಈ ಕೆಲಸ ಮೊದಲು ಆಗಲಿ ಎಂಬುದು ನನ್ನ ಆಸೆ.

ಕಾನೂನು ನಮ್ಮ ಪರವಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಅದರ 29ನೆಯ ಕಲಮನ್ನು ಬಹಳ ಮಂದಿ ಓದಿಲ್ಲ. ಅಂಗವಿಕಲ ಕಲಾವಿದರಿಗೂ ಲೇಖಕರಿಗೂ ಬೆಂಬಲ ಕೊಡಬೇಕು, ಕಲೆ ಅವರಿಗೆ ಎಟುಕುವಂತೆ ಮಾಡಬೇಕು, ಅಂಗವಿಕಲರ ಇತಿಹಾಸವನ್ನು ದಾಖಲಿಸುವ ವಸ್ತುಸಂಗ್ರಹಾಲಯ ಸ್ಥಾಪಿಸಬೇಕು ಎಂದು ಅದು ಸರ್ಕಾರಗಳಿಗೆ ಹೇಳುತ್ತದೆ. ದೊಡ್ಡ ಸಂಗ್ರಹಾಲಯ ಬರುವಾಗ ಬರಲಿ. ತಾಲ್ಲೂಕಿಗೊಂದು ಕಪಾಟಿನಿಂದ ಶುರುಮಾಡಲು ಯಾರ ಅಪ್ಪಣೆಯೂ ಬೇಡ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ವಿ.ಆರ್.ಡಬ್ಲ್ಯು. ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ಎಂ.ಆರ್.ಡಬ್ಲ್ಯು. ಎಂಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಇವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಗೊತ್ತು. ಪಂಚಾಯಿತಿಯಲ್ಲಿ ಅಂಗವಿಕಲರಿಗೆಂದು ಮೀಸಲಿಡುವ ಹಣವೂ ಇದೆ. ನಮ್ಮ ಶಿಬಿರಕ್ಕೆ ಜನರನ್ನು ಮನೆಮನೆಯಿಂದ ಕರೆತಂದದ್ದು ಇಂಥ ಒಬ್ಬ ಕಾರ್ಯಕರ್ತೆ. ಅವರಿಲ್ಲದಿದ್ದರೆ ನಾವು ಅದೇ ನಾಲ್ಕು ಮಂದಿ ಪರಿಚಿತರ ಜೊತೆ ಉಳಿಯುತ್ತಿದ್ದೆವು.

ತಾಲ್ಲೂಕು ಕಚೇರಿಗಳಲ್ಲಿ ಈಗ ‘ಭೂಸುರಕ್ಷಾ’ ಯೋಜನೆಯಡಿ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯ ಕೆಲಸ, ಗೆದ್ದಲು ತಿನ್ನುವ ಮುಂಚೆ ಆಗಲೇಬೇಕಾದದ್ದು. ಆದರೆ ಸ್ಕ್ಯಾನ್ ಎಂದರೆ ಚಿತ್ರ. ಅಂಧರ ಕಂಪ್ಯೂಟರಿನಲ್ಲಿ ಓದಿ ಹೇಳುವ ತಂತ್ರಾಂಶ ಅಕ್ಷರವನ್ನು ಓದುತ್ತದೆ, ಚಿತ್ರವನ್ನು ಓದುವುದಿಲ್ಲ. ಶಾನುಭೋಗರ ಓಡುಬರಹವನ್ನೂ ಉತ್ತರದ ಜಿಲ್ಲೆಗಳ ಮೋಡಿ ಲಿಪಿಯನ್ನೂ ನೆಚ್ಚುವಂತೆ ಅಕ್ಷರಕ್ಕಿಳಿಸಲು ಮನುಷ್ಯರೇ ಕೂರಬೇಕು. ಒಬ್ಬರು ಓದಿ ಹೇಳಿ, ಇನ್ನೊಬ್ಬರು ಕೇಳಿ ಟೈಪ್ ಮಾಡುವ ಕೆಲಸವನ್ನು ಎಷ್ಟೋ ಅಂಧ ಪದವೀಧರರು ನಮಗಿಂತ ವೇಗವಾಗಿ ಮಾಡುತ್ತಾರೆ. ಅವರಿಗೆ ಸಂಬಳ ಕೊಟ್ಟು ಈ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಈ ವೇದಿಕೆಯಿಂದ ಕೇಳುತ್ತೇನೆ. ಶಿಬಿರದಲ್ಲಿ ಅಕ್ಷರದ ಆಕಾರ ಕಲಿತವರಿಗೆ ಮುಂದಿನ ಮೆಟ್ಟಿಲು ಇದೇ ಆಗಬೇಕು.

ಕೊನೆಗೆ ಪಟ್ಟಿಯ ಮಾತು. ದಾಖಲೆಗಳ ಪಟ್ಟಿ ಬರೆಯುವವರು ಇಲ್ಲಿಯವರೆಗೆ ಕಣ್ಣಿರುವವರೇ. ‘ಶಿಥಿಲ’, ‘ಅಸ್ಪಷ್ಟ’, ‘ಮೂರು ಪಟ್ಟಿಕೆಗಳು’ ಎಂದು ಬರೆದು ಮುಗಿಸುತ್ತೇವೆ. ಅಂಗವಿಕಲರ ಬಗ್ಗೆ ದಾಖಲೆಯಲ್ಲೇ ಏನಿದೆ ಎಂಬುದನ್ನಂತೂ ಪಟ್ಟಿಗೆ ತಂದೇ ಇಲ್ಲ. 1881ರಿಂದ 1931ರವರೆಗಿನ ಜನಗಣತಿಗಳು ಅಂಧರನ್ನೂ ಕಿವುಡುಮೂಕರನ್ನೂ ಬುದ್ಧಿವಿಕಲರನ್ನೂ ಕುಷ್ಠರೋಗಿಗಳನ್ನೂ ಎಣಿಸಿದವು. ಆಮೇಲೆ ಎಣಿಕೆಯೇ ನಿಂತು 1981ರಲ್ಲಿ ಮರಳಿತು, 1991ರಲ್ಲಿ ಬಿಟ್ಟುಹೋಗಿ, 2001ರಲ್ಲಿ ಮತ್ತೆ ಬಂತು. ಎಷ್ಟು ದಶಕ ಒಂದು ಜನಸಮುದಾಯ ಲೆಕ್ಕದಿಂದಲೇ ಮಾಯವಾಗಿತ್ತು ನೋಡಿ. ಹಳೆಯ ದಾಖಲೆಗಳಲ್ಲಿ ‘ಕುರುಡ’, ‘ಕುಂಟ’, ‘ಮೂಗ’ ಎಂದು ಇದ್ದರೆ ಅದನ್ನು ಅಳಿಸಬಾರದು, ಅದು ಆ ಕಾಲದ ಸಾಕ್ಷಿ. ನಾವು ಇಂದು ಬರೆಯುವ ಪಟ್ಟಿಯಲ್ಲಿ ಯಾವ ಪದ ಬಳಸಬೇಕೆಂದು ಮಾತ್ರ ಅವರನ್ನೇ ಕೇಳಬೇಕು. ನಮ್ಮ ಶಿಬಿರದಲ್ಲಿ ಕೇಳಿದಾಗ ‘ದಿವ್ಯಾಂಗ’ ಬೇಡ ಎಂದವರೇ ಹೆಚ್ಚು. ‘ಅಂಗವಿಕಲ’ ಸಾಕು, ಕಾಯಿದೆಯಲ್ಲೂ ಅದೇ ಇದೆ ಎಂದರು ಗಾಲಿಕುರ್ಚಿಯ ಆ ಹಿರಿಯರು.

ಶಿಬಿರ ಮುಗಿದ ಮೇಲೆ ಮಾಡಿದ ವಸ್ತುಗಳನ್ನು ಎಲ್ಲರೂ ಮನೆಗೆ ಒಯ್ಯುತ್ತಾರೆ ಎಂದುಕೊಂಡಿದ್ದೆ. ಅದೇ ಹಿರಿಯರು ತಡೆದರು. ಮಣ್ಣಿನ ಹಲಗೆಗಳು, ಕಡತ, ಸಂಜ್ಞಾಭಾಷೆಯ ವಿಡಿಯೊ, ವೀರಗಲ್ಲಿನ ಬಗ್ಗೆ ಆ ಇಬ್ಬರು ಹುಡುಗಿಯರು ಹೇಳಿದ ಮಾತು, ಎಲ್ಲವೂ ಇಲ್ಲೇ ಇರಲಿ, ಪುಸ್ತಕಕ್ಕೆ ಏರಲಿ ಎಂದರು. ಗ್ರಂಥಾಲಯದವರು ಒಂದು ಕಪಾಟು ಕೊಟ್ಟರು. ಹೊಸ ದಾಖಲಾತಿ ಪುಸ್ತಕವನ್ನು ಕೊಂಡು ತಂದೆ. ಮೊದಲನೆಯ ಸಾಲನ್ನು ಬರೆಯಲು ಪೆನ್ನು ತೆರೆದಾಗ ಆ ಯುವಕ ಪಕ್ಕದಲ್ಲಿ ಬಂದು ಕುಳಿತ. ವಿವರ ತಾನೇ ಹೇಳುತ್ತೇನೆ ಎಂದ. ಹೇಳಿದ ಹಾಗೆ ಬರೆದುಕೊಂಡೆ: ಕ್ರಮಸಂಖ್ಯೆ 1, ಬೆಂದ ಮಣ್ಣಿನ ಹಲಗೆ, ಅಗಲ ಒಂದೂವರೆ ಗೇಣು, ಎಡ ಅಂಚು ಒರಟು, ಬಲ ಅಂಚು ನುಣುಪು, ಐದು ಸಾಲು, ನಾಲ್ಕನೆಯ ಸಾಲಿನ ನಡುವೆ ಬೆರಳಿಟ್ಟರೆ ‘ಅಂಧ’ ಎಂಬ ಪದ ಸಿಗುತ್ತದೆ, ಅಲ್ಲಿಂದ ಮುಂದಕ್ಕೆ ಸರಿದರೆ ಹಾಡುವವರು.